ಅದುರುವಿಕೆ ತಡೆಯುವ ಡ್ರಿಲ್ ಬಿಟ್‌ಗೆ ಪೇಟೆಂಟ್ ಸಿಗುತ್ತದೆಯೇ? ಬಂಡೆ ಕೊರೆಯುವವರಿಗೆ ಒಂದು ಮಾರ್ಗದರ್ಶಿ

ಬೋರ್‌ವೆಲ್ ರಿಗ್‌ನಲ್ಲೋ ಕಲ್ಲು ಕ್ವಾರಿಯಲ್ಲೋ ಕೆಲಸ ಮಾಡಿದವರ ತಲೆಗೆ ಈ ಯೋಚನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಬಿಟ್‌ನ ತಲೆಯ ಗಟ್ಟಿ ಗುಂಡಿಗಳು, ಅಂದರೆ ಬಟನ್‌ಗಳು, ಉದುರುತ್ತಿವೆ, ಏಟು ಬೀಳುವ ಮೇಲಿನ ಹಿಡಿ, ಅಂದರೆ ಶ್ಯಾಂಕ್, ಸೀಳು ಬಿಡುತ್ತಿದೆ, 800 ಅಡಿ ಆಳದಲ್ಲಿ ತಲೆ ಮುರಿದು ಉಳಿದರೆ ಬಾವಿಯೇ ಕೈಬಿಟ್ಟಂತೆ. ನಡುವೆ ಒಂದು ಸ್ಪ್ರಿಂಗೋ ರಬ್ಬರೋ ಕೂರಿಸಿ ಏಟಿನ ರಭಸ ಕಡಿಮೆ ಮಾಡಬಾರದೇಕೆ? ಲೇತ್‌ನವನ ಹತ್ತಿರ ಹೋಗಿ ಒಂದು ಮಾದರಿ ಮಾಡಿಸಿಯೂ ಆಗಿರುತ್ತದೆ. ಆಮೇಲೆ ಬರುವ ಪ್ರಶ್ನೆ: ಇದಕ್ಕೆ ಪೇಟೆಂಟ್ ಸಿಗುತ್ತದಾ?

"ಬಿಟ್‌ನಲ್ಲಿ ಸ್ಪ್ರಿಂಗ್ ಹಾಕುವುದು" ಎಂಬ ಯೋಚನೆಗೆ ಸಿಗುವುದಿಲ್ಲ. ಆ ಸ್ಪ್ರಿಂಗ್ ಎಲ್ಲಿ ಕೂತಿದೆ, ಯಾವ ಏಟನ್ನು ತಡೆಯುತ್ತದೆ, ಯಾವುದನ್ನು ತಡೆಯದೆ ಬಿಡುತ್ತದೆ ಎಂಬ ನಿರ್ದಿಷ್ಟ ರಚನೆಗೆ ಸಿಗಬಹುದು. ನಿಮ್ಮ ಬಿಟ್ ಇವೆರಡರಲ್ಲಿ ಯಾವ ಕಡೆ ನಿಲ್ಲುತ್ತದೆ ಎಂದು ಪೇಟೆಂಟ್ ಏಜೆಂಟರಿಗೆ ದುಡ್ಡು ಕೊಡುವ ಮೊದಲೇ ನೀವೇ ನೋಡಿಕೊಳ್ಳಬಹುದು.

1. ಯಾವ ಏಟು ಎಂದು ಮೊದಲು ಬರೆಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ತಿರುಗಿಸಿ ಕೊರೆಯುವ ರೋಟರಿ ಡ್ರಿಲ್ಲಿಂಗ್‌ನಲ್ಲಿ, ಅಂದರೆ ತೈಲ ಬಾವಿಗಳಲ್ಲಿ, ದೊಡ್ಡ ಗಣಿಗಳ ಟ್ರೈಕೋನ್ ಬಿಟ್‌ಗಳಲ್ಲಿ, ಬಿಟ್ ತಳದಲ್ಲಿ ಕುಪ್ಪಳಿಸುತ್ತದೆ. ಆ ಕುಪ್ಪಳಿಕೆಯಿಂದ ಏನೂ ಲಾಭವಿಲ್ಲ, ಬರೀ ನಷ್ಟ. ಅದನ್ನು ತಡೆಯಲು ಬಿಟ್‌ನ ಮೇಲೆ ಡಿಸ್ಕ್ ಸ್ಪ್ರಿಂಗ್ ಅಥವಾ ಎಣ್ಣೆ ತುಂಬಿದ 'ಶಾಕ್ ಸಬ್' ಜೋಡಿಸುವುದು ದಶಕಗಳಿಂದ ನಡೆದಿದೆ. ರೋಟರಿ ಹೆಡ್‌ನ ಕೆಳಗೆ ರಬ್ಬರ್ ಕುಶನ್ ಇರುವ ರಿಗ್‌ಗಳೂ ಹಳೆಯವೇ.

ನಮ್ಮ ಬೋರ್‌ವೆಲ್ ಲಾರಿಗಳ ಡಿಟಿಎಚ್ ಹ್ಯಾಮರ್‌ನ, ಅಂದರೆ ರಾಡ್‌ನ ತುದಿಯಲ್ಲಿ ಬಾವಿಯೊಳಗೇ ಇಳಿದು ಬಿಟ್ಟನ್ನು ಬಡಿಯುವ ಸುತ್ತಿಗೆಯ, ಕಥೆ ಬೇರೆ. ಅಲ್ಲಿ ಏಟೇ ಕೆಲಸ. ಕಂಪ್ರೆಸರ್ ಗಾಳಿಗೆ ಪಿಸ್ಟನ್ ನಿಮಿಷಕ್ಕೆ 1,500ರ ಆಸುಪಾಸು ಸಲ ಬಿಟ್‌ನ ಶ್ಯಾಂಕ್ ಮೇಲೆ ಬಡಿಯುತ್ತದೆ. ಆ ಏಟು ಉಕ್ಕಿನೊಳಗೆ ಒತ್ತಡದ ಅಲೆಯಾಗಿ ಸೆಕೆಂಡಿಗೆ ಸುಮಾರು 5,000 ಮೀಟರ್ ವೇಗದಲ್ಲಿ ಇಳಿದು, ತಲೆಯ ಟಂಗ್‌ಸ್ಟನ್ ಕಾರ್ಬೈಡ್ ಬಟನ್‌ಗಳ ಮೂಲಕ ಬಂಡೆಗೆ ತಾಗುತ್ತದೆ. ಈ ಹಾದಿಯಲ್ಲಿ ರಬ್ಬರ್ ಇಟ್ಟರೆ ಬಿಟ್ ಹಾಳಾಗದಿರಬಹುದು, ಬಂಡೆಯೂ ಒಡೆಯುವುದಿಲ್ಲ! ಕೋಲಾರದ ಕಡೆಯ ಗ್ರಾನೈಟ್‌ನಲ್ಲಿ ಇಡೀ ರಾತ್ರಿ ಡೀಸೆಲ್ ಸುಟ್ಟು ಒಂದು ರಾಡ್ ಇಳಿಸಿದಂತಾಗುತ್ತದೆ.

ಹಾಗಾದರೆ ತಡೆಯಬೇಕಾದ್ದು ಯಾವುದನ್ನು? ತಿರುಗಿ ಬರುವುದನ್ನು. ಬಂಡೆ ಗಟ್ಟಿಯಾಗಿದ್ದರೆ ಅಲೆಯ ಒಂದು ಪಾಲು ಒತ್ತಡವಾಗಿಯೇ ಹಿಂದೆ ಚಿಮ್ಮುತ್ತದೆ, ಬಿಟ್‌ನ ಭುಜ ಅದನ್ನು ಹ್ಯಾಮರ್‌ಗೆ ಹಿಡಿದಿಡುವ ಚಕ್‌ನ ಕೆಳಮುಖಕ್ಕೆ ಗುದ್ದುತ್ತದೆ, ಅದುರುವಿಕೆ ಹ್ಯಾಮರ್ ಕೇಸಿಂಗ್, ರಾಡ್‌ಗಳ ಮೂಲಕ ರಿಗ್‌ವರೆಗೂ ಏರುತ್ತದೆ. ಬಿಟ್ ಬಂಡೆಗೆ ಸರಿಯಾಗಿ ತಾಗಿಕೊಂಡಿಲ್ಲದಿದ್ದರೆ, ಅಂದರೆ ಬಿರುಕು, ಮಣ್ಣಿನ ಪದರ, ಕಡಿಮೆ ಫೀಡ್ (ಕೆಳಗೆ ಒತ್ತುವ ಬಲ) ಇದ್ದಾಗ, ಅದೇ ಅಲೆ ಎಳೆತವಾಗಿ ಮಾರ್ಪಟ್ಟು ವಾಪಸಾಗುತ್ತದೆ. ಶ್ಯಾಂಕ್‌ಗೆ ಸೀಳು ಬೀಳುವುದೂ ಬಟನ್ ಸಡಿಲವಾಗುವುದೂ ಹೆಚ್ಚಾಗಿ ಈ ಎಳೆತದಿಂದ.

ಈಗ ಒಂದು ಹಾಳೆಯಲ್ಲಿ ಒಂದೇ ವಾಕ್ಯ ಬರೆಯಿರಿ: "ನನ್ನ ಬಿಟ್ ಇಳಿಯುವ ಏಟನ್ನು ಪೂರ್ತಿ ಬಿಟ್ಟುಕೊಟ್ಟು, ಏರಿ ಬರುವ ಇಂಥ ಏಟನ್ನು ಇಂಥ ಜಾಗದಲ್ಲಿ ಇಂಥ ಭಾಗದಿಂದ ತಡೆಯುತ್ತದೆ." ಈ ವಾಕ್ಯದ ಖಾಲಿ ಜಾಗಗಳು ತುಂಬದಿದ್ದರೆ ಅರ್ಜಿಯ ಮಾತು ಸದ್ಯಕ್ಕೆ ಬೇಡ, ಮತ್ತೆ ವರ್ಕ್‌ಶಾಪ್‌ಗೆ ಹೋಗಿ.

2. ಅರ್ಜಿ ಹಾಕುವವರೆಗೆ ಬಾಯಿ ಬಿಡಬೇಡಿ

ಬೋರ್ ಕೊರೆಯುವಲ್ಲಿ ಊರಿನ ಅರ್ಧ ಜನ ಸೇರಿರುತ್ತಾರೆ, ಪಕ್ಕದ ರಿಗ್‌ನ ಡ್ರಿಲ್ಲರ್ ಕೂಡ ಬಂದು ನೋಡುತ್ತಾನೆ. ಯಾರೋ ಮೊಬೈಲ್‌ನಲ್ಲಿ ವಿಡಿಯೋ ಮಾಡಿ ಯೂಟ್ಯೂಬ್‌ಗೆ ಹಾಕಿದರೆ, ಅದರಲ್ಲಿ ಬಿಟ್‌ನ ಒಳರಚನೆ ಕಂಡರೆ, ನಿಮ್ಮದೇ ಬಿಟ್‌ನ ವಿಡಿಯೋ ನಿಮ್ಮ ಅರ್ಜಿಗೆ ಅಡ್ಡ ಬರುತ್ತದೆ. ಹೊಸತನವನ್ನು ಅಳೆಯುವುದು ಅರ್ಜಿ ಹಾಕಿದ ದಿನಾಂಕದಿಂದ. ಅದಕ್ಕೂ ಮುಂಚೆ ಜಗತ್ತಿನ ಯಾವ ಮೂಲೆಯಲ್ಲಿ ಪ್ರಕಟವಾಗಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ.

1970ರ ಪೇಟೆಂಟ್ ಕಾಯ್ದೆಯ 32ನೇ ಸೆಕ್ಷನ್ ಸ್ವಲ್ಪ ಉಸಿರಾಡಲು ಬಿಡುತ್ತದೆ. ಅರ್ಜಿಗೆ ಮುಂಚಿನ ಒಂದು ವರ್ಷದೊಳಗೆ, ಪರೀಕ್ಷೆಗಾಗಿ ಮಾತ್ರ, ಬಹಿರಂಗವಾಗಿ ನಡೆಸದೆ ವಿಧಿಯಿಲ್ಲದಂಥ ಆವಿಷ್ಕಾರವನ್ನು ನೀವು ಅಥವಾ ನಿಮ್ಮ ಒಪ್ಪಿಗೆ ಪಡೆದವರು ಬಳಸಿದ್ದರೆ, ಅಷ್ಟರಿಂದಲೇ ಹೊಸತನ ಹೋಗುವುದಿಲ್ಲ. ಬಂಡೆ ಕೊರೆಯುವ ಬಿಟ್ಟನ್ನು ಬಯಲಲ್ಲಲ್ಲದೆ ಇನ್ನೆಲ್ಲಿ ಪರೀಕ್ಷಿಸಲಿ ಎಂಬ ವಾದಕ್ಕೆ ಬಲವಿದೆ. ಆದರೆ ಆ ಮಾದರಿ ಬಿಟ್ಟನ್ನು ಹತ್ತು ಜನಕ್ಕೆ ಮಾರಿದರೆ ಅದು ಪರೀಕ್ಷೆಯಲ್ಲ, ವ್ಯಾಪಾರ. ಯುರೋಪಿನಲ್ಲಂತೂ ಈ ವಿನಾಯಿತಿ ನಡೆಯುವುದಿಲ್ಲ. ಹಾಗಾಗಿ ಇದನ್ನು ಕೊನೆಯ ಆಸರೆ ಎಂದಿಟ್ಟುಕೊಳ್ಳಿ, ನೆಚ್ಚಿಕೊಂಡು ಹೊರಡಬೇಡಿ. ಪರೀಕ್ಷೆ ಮಾಡುವ ರಿಗ್ ಮಾಲೀಕ, ಲೇತ್ ವರ್ಕ್‌ಶಾಪ್, ಹೀಟ್ ಟ್ರೀಟ್‌ಮೆಂಟ್ ಮಾಡುವವರು, ಎಲ್ಲರಿಂದಲೂ ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿಸಿ. ಎರಡು ಪುಟ ಸಾಕು.

ಇದೇ ಹೊತ್ತಿಗೆ ಇನ್ನೊಂದು ವಿಷಯ ಇತ್ಯರ್ಥ ಮಾಡಿಕೊಳ್ಳಿ: ಐಡಿಯಾ ಯಾರದ್ದು? ಸ್ಪ್ರಿಂಗನ್ನು ಚಕ್‌ನ ಕೆಳಗೆ ಇಡೋಣ ಎಂದದ್ದು ನಿಮ್ಮ ಡ್ರಿಲ್ಲರ್ ಆಗಿದ್ದರೆ ಅವನೂ ಇನ್ವೆಂಟರ್. ಅವನ ಹೆಸರು ಬಿಟ್ಟು ಅರ್ಜಿ ಹಾಕಿದರೆ ಮುಂದೆ ಪೇಟೆಂಟೇ ಬಿದ್ದುಹೋಗಬಹುದು. ಸಂಬಳ ಕೊಡುತ್ತೇನೆ ಎಂಬ ಒಂದೇ ಕಾರಣಕ್ಕೆ ಹಕ್ಕು ಮಾಲೀಕನಿಗೆ ತಾನಾಗಿ ಬರುತ್ತದೆ ಎಂದುಕೊಳ್ಳಬೇಡಿ, ಬರಹದಲ್ಲಿ ವರ್ಗಾಯಿಸಿಕೊಳ್ಳಿ.

3. ಹುಡುಕಾಟ: ವಾರಗಟ್ಟಲೆ ಹಿಡಿದರೂ ಚಿಂತೆಯಿಲ್ಲ

ಭಾರತೀಯ ಪೇಟೆಂಟ್ ಕಚೇರಿಯ ಇನ್‌ಪಾಸ್, ಯುರೋಪಿನ ಎಸ್ಪಾಸೆನೆಟ್, ಗೂಗಲ್ ಪೇಟೆಂಟ್ಸ್, ವಿಶ್ವಸಂಸ್ಥೆಯ ಬೌದ್ಧಿಕ ಆಸ್ತಿ ಸಂಸ್ಥೆಯಾದ ವೈಪೋದ ಪೇಟೆಂಟ್‌ಸ್ಕೋಪ್ ಎಲ್ಲವೂ ಉಚಿತ. ಬರೀ 'ಶಾಕ್ ಅಬ್ಸಾರ್ಬಿಂಗ್ ಡ್ರಿಲ್ ಬಿಟ್' ಎಂದು ಟೈಪ್ ಮಾಡಿ ಏನೂ ಸಿಗಲಿಲ್ಲ ಎಂದು ಕುಣಿದಾಡಬೇಡಿ. ಪೇಟೆಂಟ್ ಬರೆಯುವವರು ಅದನ್ನೇ ಡ್ಯಾಂಪರ್, ಕುಶನ್, ವೈಬ್ರೇಷನ್ ಐಸೊಲೇಟರ್, ರೆಸಿಲಿಯೆಂಟ್ ಮೆಂಬರ್ ಎಂದೆಲ್ಲ ಕರೆದಿರುತ್ತಾರೆ. ಪದಕ್ಕಿಂತ, ಪೇಟೆಂಟ್ ಕಚೇರಿಗಳು ದಾಖಲೆಗೆ ಕೊಡುವ ವರ್ಗ ಸಂಖ್ಯೆ ನಂಬಿಕಸ್ಥ. ಬಂಡೆ ಕೊರೆಯುವ ಬಿಟ್‌ಗಳು ಇ21ಬಿ (E21B) 10ರಲ್ಲಿ ಇವೆ, ಅದರೊಳಗೆ ಬಡಿದು ಕೊರೆಯುವ ಬಿಟ್‌ಗಳು ಇ21ಬಿ 10/36. ಡ್ರಿಲ್ ರಾಡ್‌ಗಳ ನಡುವಿನ ಶಾಕ್ ಅಬ್ಸಾರ್ಬರ್‌ಗಳು ಇ21ಬಿ 17/07. ಬಾವಿಯೊಳಗಿನ ಗಾಳಿ ಹ್ಯಾಮರ್‌ಗಳಿಗೆ ಇ21ಬಿ 4/14. ಕೈಯಲ್ಲಿ ಹಿಡಿಯುವ ಜ್ಯಾಕ್ ಹ್ಯಾಮರ್ ಜಾತಿಯವು ಬಿ25ಡಿಯಲ್ಲಿ (B25D). ನಾಲ್ಕನ್ನೂ ನೋಡಿ.

ಹಳೆಯದನ್ನು ಬಿಡಬೇಡಿ. ಹೋವರ್ಡ್ ಹ್ಯೂಸ್ ಸೀನಿಯರ್ ತಮ್ಮ ಎರಡು ಕೋನ್‌ಗಳ ರೋಲರ್ ಬಿಟ್‌ಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1909ರಲ್ಲಿ. ಅವಧಿ ಮುಗಿದ ಪೇಟೆಂಟನ್ನು ಯಾರು ಬೇಕಾದರೂ ಬಳಸಬಹುದು, ಆದರೆ ಅದರಲ್ಲಿರುವುದನ್ನು 'ಹೊಸದು' ಎಂದು ಯಾರೂ ಮತ್ತೆ ಕೇಳುವಂತಿಲ್ಲ. ಬಾವಿಯ ಹೊರಗಿದ್ದುಕೊಂಡೇ ಬಡಿಯುವ ಹಲವು ಹೈಡ್ರಾಲಿಕ್ ರಾಕ್ ಡ್ರಿಲ್‌ಗಳಲ್ಲಿ ತಿರುಗಿ ಬರುವ ಅಲೆಯನ್ನು ನುಂಗಲೆಂದೇ ಡ್ಯಾಂಪಿಂಗ್ ಪಿಸ್ಟನ್ ಇರುತ್ತದೆ. ನಿಮ್ಮ ಬಿಟ್ ಡಿಟಿಎಚ್‌ನದಾದರೂ ಪೇಟೆಂಟ್ ಕಚೇರಿಯ ಪರೀಕ್ಷಕರು ಆ ದಾಖಲೆಯನ್ನು ಎತ್ತಿ ತೋರಿಸಬಹುದು, ಅದಕ್ಕೆ ಉತ್ತರ ಈಗಲೇ ಯೋಚಿಸಿಡಿ. ಕಂಪನಿಗಳ ಕ್ಯಾಟಲಾಗ್‌ಗಳೂ ಪ್ರಯರ್ ಆರ್ಟ್, ಅಂದರೆ ಮೊದಲೇ ಬಯಲಾಗಿರುವುದು ಎಂದೇ ಲೆಕ್ಕ.

ಸಿಕ್ಕಿದ್ದನ್ನು ಕೋಷ್ಟಕ ಮಾಡಿ. ಎಡಗಡೆ ನಿಮ್ಮ ಬಿಟ್‌ನ ಒಂದೊಂದು ಲಕ್ಷಣ, ಮೇಲ್ಗಡೆ ಒಂದೊಂದು ಹಳೆಯ ದಾಖಲೆ. ಒಂದೇ ದಾಖಲೆಯಲ್ಲಿ ಎಲ್ಲ ಲಕ್ಷಣಗಳೂ ಇದ್ದರೆ ಹೊಸತನ ಇಲ್ಲ, ಕಥೆ ಮುಗಿಯಿತು. ಹಾಗಿಲ್ಲದೆ ಎರಡು ಮೂರು ದಾಖಲೆಗಳಲ್ಲಿ ಹಂಚಿಹೋಗಿದ್ದರೆ ಮುಂದಿನ ಹೆಜ್ಜೆ.

ಜನ ಗೊಂದಲ ಮಾಡಿಕೊಳ್ಳುವ ಒಂದು ಮಾತು ಇಲ್ಲಿದೆ. ಸ್ವೀಡನ್ನಿನ ಯಾವುದೋ ಕಂಪನಿಯ ಪೇಟೆಂಟ್ ಭಾರತದಲ್ಲಿ ಜಾರಿಯಲ್ಲಿ ಇಲ್ಲದಿದ್ದರೆ, ಅದು ನೀವು ಇಲ್ಲಿ ಬಿಟ್ ಮಾಡಿ ಮಾರುವುದನ್ನು ತಡೆಯುವುದಿಲ್ಲ. ಆದರೆ ನಿಮಗೆ ಪೇಟೆಂಟ್ ಸಿಗುವುದನ್ನು ಖಂಡಿತ ತಡೆಯಬಹುದು. ಇನ್ನೊಂದು ಕಡೆಯಿಂದ ನೋಡಿದರೆ, ನಿಮಗೆ ಪೇಟೆಂಟ್ ಸಿಕ್ಕರೂ ನಿಮ್ಮ ಬಿಟ್ ಇನ್ನೊಬ್ಬರ ಜಾರಿಯಲ್ಲಿರುವ ಶ್ಯಾಂಕ್ ಪೇಟೆಂಟಿನ ಮೇಲೆ ನಿಂತಿದ್ದರೆ ಅವರ ಅನುಮತಿ ಬೇಕೇ ಬೇಕು. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಿ.

4. ಅಸಲಿ ಪರೀಕ್ಷೆ: 'ಇದು ಯಾರಿಗಾದರೂ ಹೊಳೆಯುತ್ತಿತ್ತು' ಎಂಬ ಆಕ್ಷೇಪ

ಕೈಗಾರಿಕೆಯಲ್ಲಿ ಉಪಯೋಗ ಎಂಬ ಷರತ್ತು ಬಿಟ್‌ಗೆ ತೊಡಕೇ ಅಲ್ಲ. ತೊಡಕು ಇರುವುದು ಇನ್ವೆಂಟಿವ್ ಸ್ಟೆಪ್‌ನಲ್ಲಿ. ಕಾಯ್ದೆಯ ಪ್ರಕಾರ ತಾಂತ್ರಿಕ ಮುನ್ನಡೆ ಅಥವಾ ಆರ್ಥಿಕ ಮಹತ್ವ ಇರಬೇಕು, ಜೊತೆಗೆ ಆ ಕ್ಷೇತ್ರದ ಕೆಲಸಬಲ್ಲ ವ್ಯಕ್ತಿಗೆ ಅದು ಸಹಜವಾಗಿ ಹೊಳೆಯುವಂಥದ್ದು ಆಗಿರಬಾರದು.

ಇದಕ್ಕೆ ಈಗಲೂ ಎಲ್ಲರೂ ಎತ್ತುವ ತೀರ್ಪು ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಮತ್ತು ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ನಡುವಿನದು, ಸುಪ್ರೀಂ ಕೋರ್ಟ್ 1978ರಲ್ಲಿ ಕೊಟ್ಟದ್ದು. ಲೇತ್ ಮೇಲೆ ಪಾತ್ರೆ ಹಿಡಿದು ಉಜ್ಜುವಾಗ ಅದು ಹಾರಿ ಬೀಳದಂತೆ ಒಂದು ಜೋಡಣೆಗೆ ಪೇಟೆಂಟ್ ಪಡೆದಿದ್ದರು. ಮೊದಲೇ ಗೊತ್ತಿದ್ದ ಭಾಗಗಳನ್ನು ಗೊತ್ತಿದ್ದ ರೀತಿಯಲ್ಲೇ ಸೇರಿಸಿದ್ದು ವರ್ಕ್‌ಶಾಪ್ ಮಟ್ಟದ ಸುಧಾರಣೆ ಮಾತ್ರ ಎಂದು ಕೋರ್ಟು ಆ ಪೇಟೆಂಟನ್ನು ಉಳಿಸಲಿಲ್ಲ. ಅನುಕೂಲವಾಯಿತು, ಅಪಾಯ ತಪ್ಪಿತು ಎಂಬುದಷ್ಟೇ ಸಾಲದು. ನಮ್ಮ ಬಿಟ್ ತಯಾರಕರಲ್ಲಿ ಅನೇಕರ ಸುಧಾರಣೆಗಳು ಇದೇ ಗುಂಪಿನವು ಎಂದು ನನಗೆ ಅನ್ನಿಸುತ್ತದೆ. ಒಳ್ಳೆಯ ಮಾಲು, ಚೆನ್ನಾಗಿ ಮಾರಾಟವಾಗುತ್ತದೆ, ಪೇಟೆಂಟ್ ಮಾತ್ರ ಆಗುವುದಿಲ್ಲ.

ಕಾಯ್ದೆಯ 3ನೇ ಸೆಕ್ಷನ್‌ನ ಎಫ್ ಉಪವಿಧಿ ಇದನ್ನೇ ನೇರವಾಗಿ ಹೇಳುತ್ತದೆ: ಗೊತ್ತಿರುವ ಸಾಧನಗಳನ್ನು, ಒಂದೊಂದೂ ತನ್ನ ಪಾಡಿಗೆ ತಾನು ಹಳೆಯ ಕೆಲಸವನ್ನೇ ಮಾಡುವಂತೆ ಬರೀ ಜೋಡಿಸಿದರೆ ಅದು ಆವಿಷ್ಕಾರವಲ್ಲ. ಮಾರುಕಟ್ಟೆಯ ಬಟನ್ ಬಿಟ್ ತೆಗೆದು, ಮಾರುಕಟ್ಟೆಯ ಶಾಕ್ ಸಬ್ಬನ್ನು ಅದರ ಮೇಲೆ ತಿರುಗಿಸಿದರೆ ಈ ಬಲೆಯಲ್ಲಿ ಬಿದ್ದಂತೆಯೇ.

ತಪ್ಪಿಸಿಕೊಳ್ಳುವ ಹಾದಿ ಎರಡು. ಮೊದಲನೆಯದು, ಭಾಗಗಳು ಒಂದರ ಮೇಲೊಂದು ಪರಿಣಾಮ ಬೀರುವುದನ್ನು ತೋರಿಸುವುದು. ಉದಾಹರಣೆಗೆ ಚಕ್ ಮತ್ತು ಬಿಟ್ ಭುಜದ ನಡುವೆ ಡಿಸ್ಕ್ ಸ್ಪ್ರಿಂಗ್ ಇದೆ, ಹ್ಯಾಮರ್‌ನಿಂದ ಹೊರಬೀಳುವ ಗಾಳಿಯ ಒಂದು ಕವಲು ಅದೇ ಸಂದಿಯಲ್ಲಿ ಹರಿದು ಕಲ್ಲುಪುಡಿ ಸೇರದಂತೆ ನೋಡಿಕೊಳ್ಳುತ್ತದೆ, ಜೊತೆಗೆ ಸ್ಪ್ರಿಂಗ್ ಬಿಸಿಯಾಗದಂತೆ ತಣಿಸುತ್ತದೆ ಎಂದಿಟ್ಟುಕೊಳ್ಳಿ. ಗಾಳಿ ಇಲ್ಲದೆ ಸ್ಪ್ರಿಂಗ್ ಒಂದು ಪಾಳಿಯೂ ಬಾಳುವುದಿಲ್ಲ ಎಂದು ತೋರಿಸಿದರೆ, ಅದು ಬರೀ ಜೋಡಣೆ ಅಲ್ಲ ಎನ್ನಬಹುದು. ಎರಡನೆಯದು ಇನ್ನೂ ಗಟ್ಟಿ: ಈ ಕ್ಷೇತ್ರದವರೆಲ್ಲ "ಡಿಟಿಎಚ್ ಬಿಟ್‌ನಲ್ಲಿ ಮೆತ್ತಗಿನದು ಇಡಬೇಡಿ, ಏಟು ಸಾಯುತ್ತದೆ" ಎನ್ನುತ್ತಾರೆ ಅಲ್ಲವೇ? ಆ ನಂಬಿಕೆ ಹಳೆಯ ಪೇಟೆಂಟ್‌ಗಳಲ್ಲಿ, ಪಠ್ಯಗಳಲ್ಲಿ ಬರಹದಲ್ಲೇ ಇದ್ದರೆ ಅದನ್ನು ಎತ್ತಿ ಇಡಿ. ಎಲ್ಲರೂ ಬೇಡ ಎಂದ ದಾರಿಯಲ್ಲಿ ಹೋಗಿ ನೀವು ಕೊರೆಯುವ ವೇಗ ಉಳಿಸಿಕೊಂಡಿದ್ದೀರಿ ಎಂದಾದರೆ, ಹೊಳೆಯುವಂಥದ್ದು ಎಂಬ ಆಕ್ಷೇಪ ದುರ್ಬಲವಾಗುತ್ತದೆ.

5. ಅಳತೆ ಇಲ್ಲದ ಮಾತಿಗೆ ಬೆಲೆಯಿಲ್ಲ

ಒಂದೇ ಬಂಡೆ, ಒಂದೇ ರಿಗ್, ಒಂದೇ ಗಾಳಿ ಒತ್ತಡ, ಒಂದೇ ಅಳತೆಯ ಎರಡು ಬಿಟ್: ಒಂದು ಮಾಮೂಲಿ, ಒಂದು ನಿಮ್ಮದು. ಒಂದು ರಾಡ್ ಇಳಿಯಲು ಹಿಡಿದ ನಿಮಿಷ, ಬಟನ್ ಎಷ್ಟು ಸವೆಯಿತು, ಎಷ್ಟು ಉದುರಿತು, ಅಕ್ಸೆಲರೋಮೀಟರ್ ಇಟ್ಟರೆ ರೋಟರಿ ಹೆಡ್‌ನಲ್ಲಿ ಕಂಪನ ಎಷ್ಟು. ವೇಗದ ಅಂಕಿ ಬಿಟ್ಟು ಬಾಳಿಕೆಯ ಅಂಕಿ ಮಾತ್ರ ಕೊಟ್ಟರೆ ಪರೀಕ್ಷಕರಿಗೆ ಅನುಮಾನ ಬರುವುದು ಸಹಜ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಮೈನಿಂಗ್ ವಿಭಾಗವಿದೆ. ಅಂಥ ಕಡೆ ಮಾಡಿಸಿದ ಅಳತೆಗೆ ತೂಕ ಹೆಚ್ಚು (ಗೌಪ್ಯತೆಯ ಸಹಿ ಅಲ್ಲಿಯೂ ಬೇಕು).

ಈ ಅಂಕಿಗಳನ್ನು ಅರ್ಜಿಯೊಳಗೇ ಸೇರಿಸಿ. ಆಮೇಲೆ ಸೇರಿಸೋಣ ಎಂದರೆ 59ನೇ ಸೆಕ್ಷನ್ ಬಿಡುವುದಿಲ್ಲ. ಮೊದಲು ಹೇಳದಿದ್ದ ಹೊಸ ವಿಷಯವನ್ನು ತಿದ್ದುಪಡಿಯ ಹೆಸರಲ್ಲಿ ತುರುಕಲಾಗುವುದಿಲ್ಲ.

6. ಕ್ಲೇಮ್ ಬರೆಯುವುದು

ಪೇಟೆಂಟ್‌ನ ಬೇಲಿ ಎಂದರೆ ಕ್ಲೇಮ್. ಮಿಕ್ಕ ಪುಟಗಳೆಲ್ಲ ಅದಕ್ಕೆ ವಿವರಣೆ. ಮೊದಲು ಒಂದು ದುರ್ಬಲ ಕ್ಲೇಮ್:

"ಆಘಾತವನ್ನು ಹೀರಿಕೊಳ್ಳುವ ಸ್ಪ್ರಿಂಗ್ ಹೊಂದಿದ, ದೀರ್ಘ ಬಾಳಿಕೆಯ ಬಂಡೆ ಕೊರೆಯುವ ಬಿಟ್."

ಇದರಲ್ಲಿ ರಚನೆಯೇ ಇಲ್ಲ, ಬರೀ ಆಸೆ ಇದೆ. ಮೊದಲ ಪರೀಕ್ಷಾ ವರದಿಯಲ್ಲೇ ಬೀಳುತ್ತದೆ. ಈಗ ಇದನ್ನು ನೋಡಿ:

"ಡಿಟಿಎಚ್ ಹ್ಯಾಮರ್‌ಗೆ ಜೋಡಿಸುವ ಬಂಡೆ ಕೊರೆಯುವ ಬಿಟ್, ಪಿಸ್ಟನ್ನಿನ ಏಟು ಬೀಳುವ ಶ್ಯಾಂಕ್ ಮತ್ತು ಬಟನ್‌ಗಳನ್ನು ಹೊತ್ತ ತಲೆ ಒಂದೇ ಉಕ್ಕಿನ ತುಂಡಿನಲ್ಲಿದ್ದು, ತಲೆಯ ಭುಜಕ್ಕೂ ಹ್ಯಾಮರ್ ಚಕ್‌ನ ಕೆಳಮುಖಕ್ಕೂ ನಡುವೆ ಡಿಸ್ಕ್ ಸ್ಪ್ರಿಂಗ್‌ಗಳ ಒಂದು ಗುಂಪು ಕೂತಿದ್ದು, ಆ ಗುಂಪು ಪಿಸ್ಟನ್‌ನಿಂದ ಬಟನ್‌ಗೆ ಹೋಗುವ ಏಟಿನ ಹಾದಿಯ ಹೊರಗಿದ್ದು, ಬಿಟ್ ಮೇಲಕ್ಕೆ ಚಿಮ್ಮಿದಾಗ ಮಾತ್ರ ಒತ್ತಲ್ಪಡುವಂತೆ ಇರುವುದು, ಮತ್ತು ಹ್ಯಾಮರ್‌ನಿಂದ ಹೊರಬರುವ ಗಾಳಿಯ ಒಂದು ಭಾಗವನ್ನು ಆ ಗುಂಪಿನ ಸುತ್ತ ಹರಿಸುವ ತೂತುಗಳನ್ನು ತಲೆ ಹೊಂದಿರುವುದು."

ಇದು ಬರೀ ಮಾದರಿ. ಇದೇ ರಚನೆಗೆ ಹೊಸತನವಿದೆ ಎಂದು ತಿಳಿದು ನಕಲು ಮಾಡಬೇಡಿ. ಗಮನಿಸಬೇಕಾದ್ದು 'ಹಾದಿಯ ಹೊರಗಿದ್ದು' ಎಂಬ ಪದಗಳನ್ನು. ಏಟಿನ ಹಾದಿಯಲ್ಲೇ ಮೆತ್ತಗಿನದನ್ನು ಇಟ್ಟ ಬಿಟ್‌ಗಳಿಂದ ಈ ಬಿಟ್ಟನ್ನು ಬೇರ್ಪಡಿಸುವುದು ಅದೇ. ಇದರ ಕೆಳಗೆ ಅವಲಂಬಿತ ಕ್ಲೇಮ್‌ಗಳು: ಸ್ಪ್ರಿಂಗ್‌ಗಳ ಜೊತೆಗೆ ಇಂಥ ಗಡಸುತನದ ಪಾಲಿಮರ್ ಉಂಗುರ, ಸಂದಿಯ ಅಳತೆ ಇಂತಿಷ್ಟು ಮಿಲಿಮೀಟರ್, ತೂತಿನ ಕೋನ. ಮೇಲಿನದು ಬಿದ್ದರೆ ಕೆಳಗಿನದು ಹಿಡಿದುಕೊಳ್ಳುತ್ತದೆ. ಕ್ಲೇಮ್ 10 ದಾಟಿದರೆ ಒಂದೊಂದಕ್ಕೂ ಹೆಚ್ಚುವರಿ ಫೀಸು ಇದೆ.

ಒಂದು ಬೇಸರದ ಸಂಗತಿ: ಅರ್ಜಿಯನ್ನು ಕನ್ನಡದಲ್ಲಿ ಕೊಡಲಾಗುವುದಿಲ್ಲ. ನಿಯಮದ ಪ್ರಕಾರ ಇಂಗ್ಲಿಷ್ ಅಥವಾ ಹಿಂದಿ ಮಾತ್ರ. ಆದರೂ ಮೊದಲ ಕರಡನ್ನು ಕನ್ನಡದಲ್ಲೇ, ನಿಮ್ಮ ವರ್ಕ್‌ಶಾಪ್ ಭಾಷೆಯಲ್ಲೇ, ಕೈಬರಹದ ಚಿತ್ರಗಳ ಜೊತೆ ಬರೆದು ಏಜೆಂಟರಿಗೆ ಕೊಡಿ. ಅರ್ಧ ಗೊತ್ತಿರುವ ಇಂಗ್ಲಿಷಿನಲ್ಲಿ ಹೇಳಹೋಗಿ ಚಕ್ ಎಲ್ಲಿ, ಭುಜ ಎಲ್ಲಿ ಎಂಬುದೇ ಅದಲುಬದಲಾದರೆ ಕ್ಲೇಮೇ ಬೇರೆಯಾಗುತ್ತದೆ.

7. ಅರ್ಜಿ, ಫೀಸು, ಗಡುವು

ಕರ್ನಾಟಕದವರ ಅರ್ಜಿ ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತದೆ, ಆನ್‌ಲೈನ್‌ನಲ್ಲೇ ಹಾಕಬಹುದು. ವ್ಯಕ್ತಿ, ಸ್ಟಾರ್ಟಪ್, ಸಣ್ಣ ಉದ್ದಿಮೆಗೆ ಫೀಸು 1,600 ರೂಪಾಯಿ, ದೊಡ್ಡ ಕಂಪನಿಗೆ 8,000. ಸಣ್ಣ ಉದ್ದಿಮೆ ಎಂದು ತೋರಿಸಲು ಉದ್ಯಮ್ ನೋಂದಣಿ ಮತ್ತು ಫಾರ್ಮ್ 28. ರಚನೆ ಇನ್ನೂ ಪಕ್ಕಾ ಆಗಿಲ್ಲದಿದ್ದರೆ ಪ್ರಾವಿಷನಲ್ ಅರ್ಜಿ ಹಾಕಿ ದಿನಾಂಕ ಹಿಡಿದುಕೊಳ್ಳಿ, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಿ. ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆ. ಪ್ರಾವಿಷನಲ್ ಎಂದು ಅರ್ಧ ಪುಟ ಗೀಚಿ ಹಾಕುವ ರೂಢಿಯಿದೆ. ಅದರಲ್ಲಿ ಇಲ್ಲದ ಲಕ್ಷಣಕ್ಕೆ ಹಳೆಯ ದಿನಾಂಕ ಸಿಗುವುದಿಲ್ಲ, ಹಾಗಾಗಿ ಚಿತ್ರಗಳನ್ನೆಲ್ಲ ಆಗಲೇ ಸೇರಿಸಿ.

ಅರ್ಜಿ ಹಾಕಿದ ಮಾತ್ರಕ್ಕೆ ಪೇಟೆಂಟ್ ಕಚೇರಿಯಲ್ಲಿ ಅದರ ಪರೀಕ್ಷೆ ನಡೆಯುವುದಿಲ್ಲ, ಫಾರ್ಮ್ 18ರಲ್ಲಿ ಬೇರೆಯಾಗಿ ಕೇಳಬೇಕು. 2024ರ ಮಾರ್ಚ್‌ನಲ್ಲಿ ನಿಯಮ ಬದಲಾದ ಮೇಲೆ ಫಾರ್ಮ್ 18ಕ್ಕೆ ಗಡುವು 48 ತಿಂಗಳಿಂದ 31 ತಿಂಗಳಿಗೆ ಇಳಿದಿದೆ. ಹಳೆಯ ಲೇಖನ ಓದಿ ಕೂತವರು ಗಡುವು ತಪ್ಪಿಸಿಕೊಳ್ಳುವುದು ಇಲ್ಲೇ. ವ್ಯಕ್ತಿಗೂ ಸಣ್ಣ ಉದ್ದಿಮೆಗೂ ಪರೀಕ್ಷೆಯ ಫೀಸು 4,000. ಸ್ಟಾರ್ಟಪ್, ಸಣ್ಣ ಉದ್ದಿಮೆ, ಮಹಿಳಾ ಅರ್ಜಿದಾರರು ಫಾರ್ಮ್ 18ಎ ಮೂಲಕ 8,000 ಕಟ್ಟಿ ಬೇಗ ಪರೀಕ್ಷೆ ಮಾಡಿಸಿಕೊಳ್ಳಬಹುದು. ಮೊದಲ ಪರೀಕ್ಷಾ ವರದಿ ಬಂದ ಮೇಲೆ ಉತ್ತರಕ್ಕೆ 6 ತಿಂಗಳು, ಕೇಳಿಕೊಂಡರೆ ಇನ್ನು 3.

ವರದಿಯಲ್ಲಿ ಎರಡೋ ಮೂರೋ ಹಳೆಯ ದಾಖಲೆಗಳನ್ನು ಸೇರಿಸಿ 'ಹೊಳೆಯುವಂಥದ್ದು' ಎಂದು ಬರೆದಿರುತ್ತಾರೆ. ಅದನ್ನು ನೋಡಿ ಗಾಬರಿಯಾಗಬೇಡಿ, ಇದು ಮಾಮೂಲು. ಮೂರನೇ ಹೆಜ್ಜೆಯ ಕೋಷ್ಟಕ, ಐದನೆಯದರ ಅಂಕಿ ಎರಡನ್ನೂ ಎದುರಿಗಿಟ್ಟು ಉತ್ತರಿಸಿ. ಈ ನಡುವೆ ಯಾರು ಬೇಕಾದರೂ ಪೇಟೆಂಟ್ ಮಂಜೂರಾಗುವ ಮುಂಚೆ ತಕರಾರು ಹಾಕಬಹುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರವಿದೆ. ಏಜೆಂಟರ ಮೊದಲು ಅಲ್ಲಿ ವಿಚಾರಿಸಿದರೆ ನಷ್ಟವಿಲ್ಲ.

8. ಹೊರದೇಶ, ಪೇಟೆಂಟ್ ಬೇಡವಾದಾಗ

ಆಫ್ರಿಕಾದ ಬೋರ್‌ವೆಲ್ ಮಾರುಕಟ್ಟೆಯ ಮೇಲೆ ಕಣ್ಣಿದ್ದರೆ ಮೊದಲು ಭಾರತದಲ್ಲಿ ಹಾಕಿ, 12 ತಿಂಗಳೊಳಗೆ ಪಿಸಿಟಿ ಅರ್ಜಿ, ಅಂದರೆ ಹಲವು ದೇಶಗಳಿಗೆ ದಾರಿ ಮಾಡಿಕೊಡುವ ಅಂತರರಾಷ್ಟ್ರೀಯ ಅರ್ಜಿ. ಇಲ್ಲಿ ಹಾಕದೆ ನೇರವಾಗಿ ಹೊರಗೆ ಹಾಕುವುದಾದರೆ 39ನೇ ಸೆಕ್ಷನ್‌ನಡಿ ಮುಂಚಿತ ಅನುಮತಿ ಬೇಕು. ತಪ್ಪಿದರೆ ಇಲ್ಲಿನ ಅರ್ಜಿ ಹೋಗುತ್ತದೆ, ಶಿಕ್ಷೆಯೂ ಇದೆ.

ಚೀನಾ, ಜರ್ಮನಿಯಲ್ಲಿ ಸಣ್ಣ ಸುಧಾರಣೆಗಳಿಗೆ ಯುಟಿಲಿಟಿ ಮಾಡೆಲ್ ಎಂಬ ಹಗುರ ಹಕ್ಕು ಇದೆ, ನಮ್ಮಲ್ಲಿ ಇಲ್ಲ. ಡಿಸೈನ್ ನೋಂದಣಿ 10 ವರ್ಷ, ಮತ್ತೆ 5 ವರ್ಷ ರಕ್ಷಣೆ ಕೊಟ್ಟರೂ ಅದು ಬರೀ ಹೊರ ನೋಟಕ್ಕೆ. ಒಳಗೆ ಸ್ಪ್ರಿಂಗ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅದು ಕಾಯುವುದಿಲ್ಲ. ಗುಟ್ಟಾಗಿ ಇಟ್ಟುಕೊಳ್ಳುತ್ತೇನೆ ಎಂದರೆ, ಮಾರಿದ ಬಿಟ್ಟನ್ನು ಬೋರ್‌ವೆಲ್ ರಿಗ್‌ಗಳಿಗೆ ಹೆಸರಾದ ತಮಿಳುನಾಡಿನ ತಿರುಚೆಂಗೋಡಿನ ಯಾವ ವರ್ಕ್‌ಶಾಪ್‌ನಲ್ಲಾದರೂ ಒಂದು ಮಧ್ಯಾಹ್ನದಲ್ಲಿ ಸೀಳಿ ನೋಡಬಹುದು. ಗುಟ್ಟು ಉಳಿಯುವುದು ಹೀಟ್ ಟ್ರೀಟ್‌ಮೆಂಟ್‌ನ ಹದ, ಬಟನ್ ಒತ್ತಿ ಕೂರಿಸುವ ಬಿಗಿತ ಇಂಥವುಗಳಲ್ಲಿ. ಅವನ್ನು ಪೇಟೆಂಟ್‌ಗೆ ಹಾಕಿ ಬಯಲು ಮಾಡಬೇಕೇ ಎಂದು ಯೋಚಿಸಿ. ಆದರೆ ಅವಿಲ್ಲದೆ ಬಿಟ್ ಕೆಲಸವೇ ಮಾಡುವುದಿಲ್ಲ ಎಂದಾದರೆ ಮುಚ್ಚಿಡುವಂತಿಲ್ಲ. ನಿಮಗೆ ಗೊತ್ತಿರುವ ಅತ್ಯುತ್ತಮ ವಿಧಾನವನ್ನು ಹೇಳಲೇಬೇಕೆಂದು 10ನೇ ಸೆಕ್ಷನ್ ಇದೆ.

ಪೇಟೆಂಟ್ ಸಿಕ್ಕರೆ ಅರ್ಜಿಯ ದಿನಾಂಕದಿಂದ 20 ವರ್ಷ. ಮೂರನೇ ವರ್ಷದಿಂದ ಪ್ರತಿ ವರ್ಷ ನವೀಕರಣದ ಫೀಸು: ವ್ಯಕ್ತಿ ಮತ್ತು ಸಣ್ಣ ಉದ್ದಿಮೆಗೆ ಆರನೇ ವರ್ಷದವರೆಗೆ 800, ಆಮೇಲೆ ಹತ್ತರವರೆಗೆ 2,400, ಹದಿನೈದರವರೆಗೆ 4,800, ಕೊನೆಯ ಐದು ವರ್ಷ 8,000. ಜೊತೆಗೆ ಪೇಟೆಂಟ್ ಬಳಕೆಯಲ್ಲಿದೆಯೇ ಎಂದು ಫಾರ್ಮ್ 27ರಲ್ಲಿ ಮೂರು ಹಣಕಾಸು ವರ್ಷಕ್ಕೊಮ್ಮೆ ತಿಳಿಸಬೇಕು. ಆರೇಳು ವರ್ಷವಾದರೂ ಆ ಬಿಟ್ ಮಾರಾಟವಾಗದೆ, ಲೈಸೆನ್ಸ್ ಕೇಳಿ ಯಾರೂ ಬರದೆ ಇದ್ದರೆ ಫೀಸು ಕಟ್ಟುವುದನ್ನು ನಿಲ್ಲಿಸಿ, ಆ ದುಡ್ಡನ್ನು ಮುಂದಿನ ಬಿಟ್‌ನ ಪರೀಕ್ಷೆಗೆ ಹಾಕಿ.